ಲ್ಯಾಪ್‌ಟಾಪನ್ನು ಪಕ್ಕವಾದ್ಯಕ್ಕೆ ಕೂರಿಸುವುದು ಹೇಗೆ

ಗಣೇಶನ ಹಬ್ಬದ ಪೆಂಡಾಲು. ಹಾಡುವುದು ಎದುರು ಮನೆಯ ಅಕ್ಕ, ಮೃದಂಗಕ್ಕೆ ಮೇಷ್ಟ್ರು, ಮಿಕ್ಕಿದ್ದಕ್ಕೆಲ್ಲ ನನ್ನ ಲ್ಯಾಪ್‌ಟಾಪ್. ತಂಬೂರಿ, ಗೆಜ್ಜೆ, ಕೀಬೋರ್ಡಿನ ಸ್ಟ್ರಿಂಗ್ಸ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದೆ. ಪ್ಲೇ ಒತ್ತಿದೆ, ದೇವರನಾಮ ಶುರುವಾಯಿತು. ಎರಡನೇ ಸಂಗತಿಗೆ (ಅದೇ ಸಾಲನ್ನು ಬೇರೆ ಬಗೆಯಲ್ಲಿ ಹಾಡುವುದಕ್ಕೆ ಸಂಗತಿ ಅನ್ನುತ್ತಾರೆ) ಮುಂದಿನ ಸಾಲಿನ ಅಜ್ಜಿಯೊಬ್ಬರು ತಲೆದೂಗಿದರು. ಅಕ್ಕನಿಗೆ ಖುಷಿಯಾಗಿ ಅದೇ ಸಾಲನ್ನು ಇನ್ನೊಂದು ಸಲ ಎತ್ತಿಕೊಂಡರು. ಲ್ಯಾಪ್‌ಟಾಪಿಗೆ ಅದೆಲ್ಲಿ ಗೊತ್ತು? ಅದು ನೆಟ್ಟಗೆ ಹಾಡಿನ ಮುಂದಿನ ಭಾಗಕ್ಕೆ, ಅನುಪಲ್ಲವಿಗೆ ಹೋಯಿತು. ನಾನು ಗಾಬರಿಯಲ್ಲಿ ಪಾಸ್ ಒತ್ತಿದೆ. ತಂಬೂರಿಯೂ ನಿಂತುಹೋಯಿತು. ಶ್ರುತಿ ಇಲ್ಲದ ಆ ನಾಲ್ಕು ಸೆಕೆಂಡ್ ನನಗೆ ಇವತ್ತಿಗೂ ನೆನಪಿದೆ.

ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಬೈಯಲಿಲ್ಲ. ಮೃದಂಗಕ್ಕೆ ಗವಸು ಹಾಕುತ್ತಾ ಒಂದೇ ಮಾತು ಹೇಳಿದರು: "ನಿಮ್ಮ ಡಬ್ಬಕ್ಕೆ ಕೈ ಚೆನ್ನಾಗಿದೆ ಕಣ್ರೀ, ಕಿವಿ ಇಲ್ಲ."

ಆ ಕಿವಿಯನ್ನು ಹೇಗೆ ಕೊಡುವುದು ಅನ್ನೋದೇ ಈ ಬರಹ. ಉಚಿತವಾಗಿ ಸಿಗುವ ಪ್ಯೂರ್ ಡೇಟಾ ಎಂಬ ಸಾಫ್ಟ್‌ವೇರ್, ಒಂದು ಕಾಲಿನ ಪೆಡಲ್, ಸ್ವಲ್ಪ ಕೂಡುವ ಕಳೆಯುವ ಲೆಕ್ಕ. ಇಷ್ಟರಲ್ಲಿ ಹಾಡುವವರ ಜೊತೆ ನಡೆಯುವ ಒಂದು ಸಣ್ಣ ಪಕ್ಕವಾದ್ಯ ಮಾಡಬಹುದು. ಕೋಡಿಂಗ್ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ತಾಳ ಹಾಕಲು ಬಾರದಿದ್ದರೆ ಮಾತ್ರ ಕಷ್ಟ.

1. ಯಾರ ಹಿಂದೆ ಯಾರು?

ಕಂಪ್ಯೂಟರ್ ತೆರೆಯುವ ಮೊದಲೇ ಇದನ್ನು ತೀರ್ಮಾನ ಮಾಡಿ. ಒಂದು ದಾರಿ, ಎಲ್ಲರೂ ಯಂತ್ರದ ಹಿಂದೆ ಹೋಗುವುದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಟಕ್ ಟಕ್ ಕೇಳುತ್ತಾ ಹಾಡುವುದು. ಸಿನಿಮಾ ಹಾಡಿನ ಆರ್ಕೆಸ್ಟ್ರಾಗಳಲ್ಲಿ ಇದು ಸಾಮಾನ್ಯ, ತಪ್ಪೇನೂ ಇಲ್ಲ. ಬೆಂಗಳೂರಿನ ರಾಡೆಲ್ ಕಂಪನಿಯ ತಾಳೋಮೀಟರ್ ಇಟ್ಟುಕೊಂಡು ಸಾಧನೆ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ. ಅದು ಕೂದಲೆಳೆಯಷ್ಟೂ ಅಲುಗಾಡುವುದಿಲ್ಲ. ಸಾಧನೆಗೆ ಬೇಕಾದ್ದೂ ಅದೇ.

ಕಛೇರಿಯ ಕಥೆ ಬೇರೆ. ಅಲ್ಲಿ ಕಾಲಪ್ರಮಾಣ, ಅಂದರೆ ಹಾಡಿನ ವೇಗ, ನಿಂತಿರಬೇಕು ನಿಜ, ಆದರೆ ಅದು ಉಸಿರಾಡುತ್ತಿರುತ್ತದೆ. ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಾಳ ಭಾಗವತರ ಕೈಯಲ್ಲಿರುತ್ತದೆ, ಮದ್ದಳೆ ಚೆಂಡೆಗಳು ಅದನ್ನು ನೋಡಿಕೊಂಡು ನಡೆಯುತ್ತವೆ. ನಾವು ಕಂಪ್ಯೂಟರನ್ನು ಕೂರಿಸಬೇಕಾದ್ದು ಚೆಂಡೆಯ ಜಾಗದಲ್ಲಿ, ಭಾಗವತರ ಜಾಗದಲ್ಲಲ್ಲ.

ಈ ಆಸೆ ಹೊಸದೇನಲ್ಲ. 1984ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಕಂಪ್ಯೂಟರ್ ಸಂಗೀತದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ರೋಜರ್ ಡ್ಯಾನೆನ್‌ಬರ್ಗ್ ಮತ್ತು ಬ್ಯಾರಿ ವರ್ಕೋ ಎಂಬ ಇಬ್ಬರು, ಬೇರೆ ಬೇರೆಯಾಗಿ ಕೆಲಸ ಮಾಡಿ, ಒಂದೇ ತರಹದ ವಿಷಯ ತಂದಿದ್ದರು. ಮನುಷ್ಯ ನುಡಿಸುವುದನ್ನು ಕೇಳಿ, ಬರೆದಿಟ್ಟ ಸ್ವರಲಿಪಿಯಲ್ಲಿ ಅವನು ಎಲ್ಲಿದ್ದಾನೆ ಅಂತ ಕಂಡುಹಿಡಿದು, ಅದಕ್ಕೆ ತಕ್ಕಂತೆ ಪಕ್ಕವಾದ್ಯ ನುಡಿಸುವ ಪ್ರೋಗ್ರಾಮ್. ಡ್ಯಾನೆನ್‌ಬರ್ಗ್ ಸ್ವತಃ ಟ್ರಂಪೆಟ್ ನುಡಿಸುವವರು. ಇನ್ನೊಂದು ದಾರಿ ಮ್ಯಾಕ್ಸ್ ಮ್ಯಾಥ್ಯೂಸ್ ಅವರದು. 1957ರಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದ ಇಂಜಿನಿಯರ್ ಅವರು. ಮುಂದೆ ರೇಡಿಯೊ ಬ್ಯಾಟನ್ ಎಂಬ ಸಾಧನ ಮಾಡಿದರು. ಕೈಯಲ್ಲಿ ಕೋಲು ಹಿಡಿದು ತಟ್ಟುತ್ತಾ ಹೋದರೆ ಸ್ವರಗಳನ್ನು ಕಂಪ್ಯೂಟರ್ ನುಡಿಸುತ್ತದೆ, ವೇಗ ಮಾತ್ರ ಮನುಷ್ಯನದು. ಅಲ್ಲಿ ಕೈ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಾವು ಕಾಲಿಗೆ ಕೊಡುತ್ತೇವೆ.

2. ಬೇಕಾದ ಸಾಮಾನು

ಹಳೆಯ ಲ್ಯಾಪ್‌ಟಾಪ್ ಸಾಕು. ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಒಂದು, ಎರಡು ಇನ್‌ಪುಟ್ ಎರಡು ಔಟ್‌ಪುಟ್ ಇದ್ದರೆ ಆಯಿತು. ಪೆಡಲ್‌ಗೆ ಸುಲಭದ ದಾರಿ ಅಂದರೆ ಯಾವುದಾದರೂ ಮಿಡಿ (ವಾದ್ಯ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುವ ಭಾಷೆ) ಕೀಬೋರ್ಡ್, ಅದರ ಹಿಂದೆ ಸಿಕ್ಕಿಸುವ ಸಸ್ಟೇನ್ ಪೆಡಲ್. ಕೀಬೋರ್ಡಿನ ಬಿಳಿ ಮನೆಗಳೂ ಆಮೇಲೆ ಬಟನ್‌ಗಳಾಗಿ ಉಪಯೋಗಕ್ಕೆ ಬರುತ್ತವೆ.

ಬ್ಲೂಟೂತ್ ಸ್ಪೀಕರ್, ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ಅದರಲ್ಲಿ ತಡ 100 ಮಿಲಿಸೆಕೆಂಡ್ ದಾಟುವುದು ಸಾಮಾನ್ಯ.

ಪ್ಯೂರ್ ಡೇಟಾ ಅನ್ನು ಮಿಲ್ಲರ್ ಪಕೆಟ್ 1996ರಲ್ಲಿ ಹೊರತಂದರು. ಅದಕ್ಕೂ ಮೊದಲು 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿದ್ದಾಗ ಮ್ಯಾಕ್ಸ್ ಎಂಬ ಸಾಫ್ಟ್‌ವೇರ್ ಬರೆದವರೂ ಅವರೇ. ಆ ಹೆಸರು ಮೇಲೆ ಹೇಳಿದ ಮ್ಯಾಥ್ಯೂಸ್ ಅವರದು. ಇದರಲ್ಲಿ ಸಾಲು ಸಾಲು ಕೋಡ್ ಬರೆಯುವುದಿಲ್ಲ. ಪರದೆಯ ಮೇಲೆ ಪೆಟ್ಟಿಗೆ ಇಟ್ಟು, ಅದರೊಳಗೆ ಕೆಲಸದ ಹೆಸರು ಟೈಪ್ ಮಾಡಿ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ತಂತಿ ಎಳೆಯುತ್ತೀರಿ. ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ.

ಒಂದು ಎಚ್ಚರಿಕೆ. ಒಂದೇ ಬಾಯಿಂದ ಎರಡು ತಂತಿ ಹೊರಟರೆ ಯಾವುದು ಮೊದಲು ಓಡುತ್ತದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಟ್ರಿಗರ್ ಎಂಬ ಪೆಟ್ಟಿಗೆ ಇದೆ. ಅದು ಬಲದಿಂದ ಎಡಕ್ಕೆ ಒಂದೊಂದಾಗಿ ಕಳಿಸುತ್ತದೆ. ನನ್ನ ಮೊದಲ ತಿಂಗಳ ತಪ್ಪುಗಳಲ್ಲಿ ಮುಕ್ಕಾಲು ಪಾಲು ಟ್ರಿಗರ್ ಹಾಕದೆ ಆದದ್ದು.

3. ತಡ ಎಷ್ಟು ಅಂತ ಅಳೆಯಿರಿ

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಮೂರು ಮೀಟರ್ ದೂರದಲ್ಲಿ ಕೂತ ಮೃದಂಗ ನಿಮ್ಮ ಕಿವಿ ಮುಟ್ಟುವಾಗ 9 ಮಿಲಿಸೆಕೆಂಡ್ ತಡವಾಗಿರುತ್ತದೆ. ಅದು ಯಾರಿಗೂ ತೊಂದರೆ ಕೊಟ್ಟಿಲ್ಲ. ಕಂಪ್ಯೂಟರ್ ತನ್ನದೂ ಒಂದಷ್ಟು ಸೇರಿಸುತ್ತದೆ. ಅದು ಶಬ್ದವನ್ನು ಬಿಂದಿಗೆಯಲ್ಲಿ ತುಂಬಿ ತುಂಬಿ ಸುರಿಯುವ ಹಾಗೆ ಕಳಿಸುತ್ತದೆ. ಈ ಬಿಂದಿಗೆಗೆ ಬಫರ್ ಅಂತ ಹೆಸರು. ಸೆಕೆಂಡಿಗೆ 48,000 ಸ್ಯಾಂಪಲ್ (ಶಬ್ದದ ಸಣ್ಣ ತುಣುಕು) ಇರುವಾಗ 256ರ ಬಫರ್ ಅಂದರೆ 5.3 ಮಿಲಿಸೆಕೆಂಡ್, 1024 ಅಂದರೆ 21.3. ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಒಂದು.

ಪ್ಯೂರ್ ಡೇಟಾದ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಡಿಲೇ ಅಂತ ಒಂದು ಅಂಕಿ ಇದೆ. ಅದನ್ನು ಇಳಿಸುತ್ತಾ ಹೋಗಿ. ಶಬ್ದ ಪಟಪಟ ಒಡೆಯಲು ಶುರುವಾದರೆ ಸ್ವಲ್ಪ ಮೇಲಕ್ಕೆ ಏರಿಸಿ ಅಲ್ಲಿಗೆ ನಿಲ್ಲಿಸಿ. ವಿಂಡೋಸ್ ಆದರೆ ಎಎಸ್‌ಐಒ ಎಂಬ, ತಡ ಕಡಿಮೆ ಮಾಡುವ ಡ್ರೈವರ್ ಬಳಸಿ.

ಈಗ ಅಳತೆ. ಪೆಡಲ್ ಒತ್ತಿದ ಕೂಡಲೇ ಒಂದು ಟಕ್ ಶಬ್ದ ಬರುವಂತೆ ಮಾಡಿ. ಪೆಡಲನ್ನು ಸ್ವಲ್ಪ ಜೋರಾಗಿ ಒದ್ದರೆ ಅದರದೇ ಒಂದು ಕಟಕ್ ಸದ್ದು ಬರುತ್ತದೆ, ಅಲ್ವಾ? ಮೊಬೈಲನ್ನು ಪೆಡಲ್ ಮತ್ತು ಸ್ಪೀಕರಿನ ನಡುವೆ ಇಟ್ಟು ಎರಡೂ ಸದ್ದು ರೆಕಾರ್ಡ್ ಮಾಡಿ. ಆ ಫೈಲನ್ನು ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ತೆರೆದರೆ ಎರಡು ಗುಡ್ಡ ಕಾಣುತ್ತವೆ. ನಡುವಿನ ಅಂತರವೇ ನಿಮ್ಮ ತಡ. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ನನಗೆ 18 ಮಿಲಿಸೆಕೆಂಡ್ ಬಂತು. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಐದನೇ ಹಂತದಲ್ಲಿ ಬೇಕು.

4. ಹಾಡನ್ನು ಅಕ್ಷರದಲ್ಲಿ ಬರೆಯಿರಿ

ನನ್ನ ಪೆಂಡಾಲಿನ ತಪ್ಪಿನ ಬೇರು ಇಲ್ಲಿತ್ತು. ಆ ಫೈಲಿನಲ್ಲಿ ಎಲ್ಲವೂ ನಿಮಿಷ, ಸೆಕೆಂಡಿನಲ್ಲಿತ್ತು. 48ನೇ ಸೆಕೆಂಡಿಗೆ ಅನುಪಲ್ಲವಿ ಅಂತ. ಹಾಡುವವರಿಗೆ 48ನೇ ಸೆಕೆಂಡ್ ಅಂತ ಒಂದು ಜಾಗವೇ ಇಲ್ಲ. ಅವರಿಗೆ ಇರುವುದು ಆವರ್ತನ (ತಾಳದ ಒಂದು ಪೂರ್ತಿ ಸುತ್ತು), ಅಕ್ಷರ (ತಾಳದ ಒಂದು ಎಣಿಕೆ).

ಹಾಗಾಗಿ ಆದಿ ತಾಳದ ಹಾಡಾದರೆ ಒಂದು ಆವರ್ತನಕ್ಕೆ 8 ಅಕ್ಷರ, ಚತುರಶ್ರ ನಡೆಯಲ್ಲಿ ಅಕ್ಷರಕ್ಕೆ 4 ಭಾಗ, ಒಟ್ಟು 32 ಮನೆ. ಯಾವ ಮನೆಯಲ್ಲಿ ಏನು ಸದ್ದು ಬರಬೇಕು ಅಂತ ಒಂದು ಪಟ್ಟಿ ಮಾಡಿ. ಸಮದ (ಆವರ್ತನದ ಮೊದಲ ಅಕ್ಷರ) ಮೇಲೆ ಗೆಜ್ಜೆ, 17ನೇ ಮನೆಯಲ್ಲಿ ಸ್ಟ್ರಿಂಗ್ಸ್, ಹೀಗೆ. ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಟೆಕ್ಸ್ಟ್ ಪೆಟ್ಟಿಗೆಗೆ ಹಾಕಿ. ಪಲ್ಲವಿಗೆ ಒಂದು ಪಟ್ಟಿ, ಅನುಪಲ್ಲವಿಗೆ ಒಂದು, ಚರಣಕ್ಕೆ ಒಂದು. ಎಡುಪು, ಅಂದರೆ ಹಾಡು ಎತ್ತುವ ಜಾಗ, ಸಮದಲ್ಲಿ ಇಲ್ಲದಿದ್ದರೆ ಪಟ್ಟಿಯಲ್ಲೇ ಹಾಗೆ ಬರೆಯಿರಿ. ಅರ್ಧ ಅಕ್ಷರ ಬಿಟ್ಟು ಎತ್ತುವ ಹಾಡಿಗೆ ಸ್ಟ್ರಿಂಗ್ಸ್ 3ನೇ ಮನೆಯಿಂದ ಶುರು.

ಅಕ್ಷರ ಎಷ್ಟು ಮಿಲಿಸೆಕೆಂಡ್ ಅನ್ನುವುದು ಈ ಪಟ್ಟಿಯಲ್ಲಿ ಎಲ್ಲೂ ಬರಬಾರದು. ಅದು ಪೆಡಲ್ ಹೇಳುವ ವಿಷಯ.

ತಂಬೂರಿಯನ್ನು ಈ ಪಟ್ಟಿಯಿಂದ ಪೂರ್ತಿ ಹೊರಗಿಡಿ. ಅದಕ್ಕೆ ಅದರದೇ ಆನ್ ಆಫ್ ಬಟನ್. ತಾಳ ಹಳಿ ತಪ್ಪಿದರೂ ಶ್ರುತಿ ನಿಲ್ಲಬಾರದು.

5. ಪೆಡಲ್ ಮತ್ತು ಗಡಿಯಾರ

ಈ ಹಂತಕ್ಕೆ ಒಂದು ಭಾನುವಾರ ಎತ್ತಿಡಿ.

ಮೊದಲು ಪೆಡಲಿನ ಒತ್ತು ಸರಿಯಾಗಿ ಬರಬೇಕು. ಸಸ್ಟೇನ್ ಪೆಡಲ್ ಮಿಡಿಯಲ್ಲಿ 64ನೇ ಕಂಟ್ರೋಲ್. ಒತ್ತಿದರೆ 127, ಬಿಟ್ಟರೆ 0. ಕೆಲವು ಪೆಡಲ್ ನಡುವಿನ ಅಂಕಿಗಳನ್ನೂ ಕಳಿಸುತ್ತವೆ, ಕೆಲವು ಉಲ್ಟಾ ಕಳಿಸುತ್ತವೆ. ಹಾಗಾಗಿ ಸಿಟಿಎಲ್‌ಇನ್ 64 ಪೆಟ್ಟಿಗೆಯಿಂದ ಬಂದ ಅಂಕಿ 63ಕ್ಕಿಂತ ಜಾಸ್ತಿಯೇ (ಉಲ್ಟಾ ಪೆಡಲಾದರೆ, ಕಡಿಮೆಯೇ) ಅಂತ ನೋಡಿ, ಅದನ್ನು ಚೇಂಜ್ ಪೆಟ್ಟಿಗೆಗೆ ಕೊಟ್ಟು, ಸೆಲೆಕ್ಟ್ 1ರಿಂದ ಒಂದೇ ಒಂದು ಬ್ಯಾಂಗ್ ("ಈಗ" ಅನ್ನುವ ಸೂಚನೆ) ತೆಗೆಯಿರಿ. ಒಂದು ಒತ್ತಾದ ಮೇಲೆ 150 ಮಿಲಿಸೆಕೆಂಡಿನೊಳಗೆ ಇನ್ನೊಂದು ಬಂದರೆ ಬಿಸಾಕಿ. ಅದು ಕಾಲು ನಡುಗಿದ್ದು.

ಇನ್ನು ಗಡಿಯಾರ. ಒಂದೇ ಸಮನೆ ಬಡಿಯುವ ಮೆಟ್ರೊ ಪೆಟ್ಟಿಗೆ ಬಳಸಬೇಡಿ. ಒಂದು ಡಿಲೇ ಪೆಟ್ಟಿಗೆ ಇಟ್ಟು, ಅದು ಬಡಿದಾಗಲೆಲ್ಲ ಮುಂದಿನ ಅಕ್ಷರಕ್ಕೆ ಎಷ್ಟು ಹೊತ್ತು ಅಂತ ಅದಕ್ಕೇ ಹೊಸದಾಗಿ ಹೇಳುವಂತೆ ಸುತ್ತು ಹಾಕಿ. ಆಗ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಅಳತೆ ಕೊಡಬಹುದು. ಅಕ್ಷರದ ಒಳಗಿನ ಮಿಕ್ಕ ಮೂರು ಮನೆಗಳಿಗೆ ಕಾಲು, ಅರ್ಧ, ಮುಕ್ಕಾಲು ಅಳತೆಯ ಮೂರು ಬೇರೆ ಡಿಲೇ ಇಡಿ. ಶುರುವಿನ ವೇಗಕ್ಕೆ ಹಾಡಿನ ಮೊದಲು ನಾಲ್ಕು ಸಲ ಪೆಡಲ್ ಒತ್ತಿ, ನಡುವಿನ ಮೂರು ಅಂತರಗಳ ಸರಾಸರಿ ತೆಗೆದುಕೊಳ್ಳಿ.

ಹಾಡು ನಡೆಯುವಾಗ ಒತ್ತು ಬಂದರೆ ಏನು ಮಾಡಬೇಕು? ಮೊದಲ ಸಲ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಒತ್ತು ಬಂದ ಕೂಡಲೇ ಗಡಿಯಾರವನ್ನು ಅಲ್ಲಿಗೆ ಜಿಗಿಸಿದೆ. ಕೇಳಲು ಭಯಂಕರ. ಕಾಲು ಒಂದು ಸಲ ತಡವಾದರೆ ಇಡೀ ತಾಳ ಎಡವುತ್ತದೆ. ನೀವು ತಾಳಕ್ಕೆ ಎಡವಿದಿರಿ, ಅದು ನಿಮ್ಮ ಕಾಲಿಗೆ ಎಡವಿತು, ಅದನ್ನು ಕೇಳಿ ನೀವು ಮತ್ತೆ ಎಡವಿದಿರಿ.

ಒಳ್ಳೆಯ ಮೃದಂಗದವರನ್ನು ಗಮನಿಸಿ. ಗಾಯಕರು ಒಂದು ಕೂದಲೆಳೆ ಹಿಂದೆ ಬಂದರೆ ಅವರು ಥಟ್ಟನೆ ಅಲ್ಲಿಗೆ ಹಾರುವುದಿಲ್ಲ. ಸ್ವಲ್ಪ ಬಿಟ್ಟುಕೊಡುತ್ತಾರೆ. ಹಾಗೇ ಮುಂದಿನ ಸಲವೂ ಹಿಂದೆ ಬಂದರೆ, ಓ ಇವರು ನಿಧಾನ ಮಾಡುತ್ತಿದ್ದಾರೆ ಅಂತ ಮನಸ್ಸಿನ ಕಾಲಪ್ರಮಾಣವನ್ನೇ ಬದಲಿಸಿಕೊಳ್ಳುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ತಿದ್ದುಪಡಿ ಇದೆ. ಒಂದು ಜಾಗದ್ದು, ಇನ್ನೊಂದು ವೇಗದ್ದು. ನಾವೂ ಹಾಗೇ ಮಾಡೋಣ.

ಗಡಿಯಾರ ಅಕ್ಷರ ಬಡಿದಾಗ ಟೈಮರ್ ಪೆಟ್ಟಿಗೆಯ ಎಡಬಾಯಿಗೆ ಬ್ಯಾಂಗ್ ಕೊಟ್ಟು ಸೊನ್ನೆ ಮಾಡಿ. ಪೆಡಲ್ ಒತ್ತಿದಾಗ ಬಲಬಾಯಿಗೆ ಬ್ಯಾಂಗ್ ಕೊಟ್ಟರೆ ಎಷ್ಟು ಹೊತ್ತಾಯಿತು ಅಂತ ಅಂಕಿ ಬರುತ್ತದೆ. ಅದರಿಂದ ಮೂರನೇ ಹಂತದಲ್ಲಿ ಅಳೆದ ತಡ ಕಳೆಯಿರಿ, ನನ್ನದಾದರೆ 18. ಉಳಿದದ್ದು ಅಕ್ಷರದ ಅರ್ಧಕ್ಕಿಂತ ಕಡಿಮೆ ಇದ್ದರೆ ಕಾಲು ತಡವಾಗಿದೆ, ಆ ಅಂಕಿಯೇ ವ್ಯತ್ಯಾಸ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಕಾಲು ಮುಂದಿನ ಅಕ್ಷರಕ್ಕೆ ಬೇಗ ಬಂದಿದೆ. ಅಕ್ಷರದ ಅಳತೆಯನ್ನು ಕಳೆದರೆ ಮೈನಸ್ ವ್ಯತ್ಯಾಸ ಸಿಗುತ್ತದೆ. ಅಕ್ಷರದ ನಾಲ್ಕನೇ ಒಂದು ಭಾಗಕ್ಕಿಂತ ದೂರ ಬಿದ್ದ ಒತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಸಿಕ್ಕ ವ್ಯತ್ಯಾಸದ 0.6 ಭಾಗವನ್ನು ಜಾಗದ ತಿದ್ದುಪಡಿಗೆ, 0.15 ಭಾಗವನ್ನು ವೇಗದ ತಿದ್ದುಪಡಿಗೆ ಹಾಕಿ.

ಲೆಕ್ಕ ಮಾಡಿ ನೋಡೋಣ. ನಿಮಿಷಕ್ಕೆ 80 ಅಕ್ಷರದ ವೇಗ, ಅಂದರೆ ಅಕ್ಷರಕ್ಕೆ 750 ಮಿಲಿಸೆಕೆಂಡ್. ಕಾಲು 40 ತಡವಾಗಿ ಬಂತು. ವೇಗಕ್ಕೆ 40ರ 0.15 ಅಂದರೆ 6 ಸೇರಿ 756 ಆಯಿತು. ಜಾಗಕ್ಕೆ 24. ಮುಂದಿನ ಅಕ್ಷರ ಹಿಂದಿನದಾದ 780 ಮಿಲಿಸೆಕೆಂಡಿಗೆ ಬರುತ್ತದೆ. ಈಗ ಕಾಲು ಬರೀ ಜಾರಿದ್ದು ಅಂದುಕೊಳ್ಳಿ, ಹಾಡು ಮೊದಲಿನ ವೇಗದಲ್ಲೇ ಇದೆ. ಮುಂದಿನ ಒತ್ತು 750ಕ್ಕೇ ಬರುತ್ತದೆ, 30 ಬೇಗ. ಗಡಿಯಾರ 18 ಹಿಂದಕ್ಕೆ ಎಳೆದುಕೊಂಡು 762ಕ್ಕೆ ಬಡಿಯುತ್ತದೆ, ವೇಗವೂ 751.5ಕ್ಕೆ ಮರಳುತ್ತದೆ. ಸಭೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಕ ನಿಜವಾಗಿಯೂ ನಿಧಾನ ಮಾಡಿದ್ದರೆ? ಅಕ್ಷರಕ್ಕೆ 790 ಆಗಿದೆ ಅಂದುಕೊಳ್ಳಿ. ವ್ಯತ್ಯಾಸಗಳು ಹೀಗೆ ಹೋಗುತ್ತವೆ: 40, 50, 46, 38, 29, 21, 15, 10. ಮೊದಲು ಸ್ವಲ್ಪ ಹೆಚ್ಚಾಗಿ, ಆಮೇಲೆ ಇಳಿಯುತ್ತದೆ. ಒಂದು ಆವರ್ತನ ಮುಗಿಯುವ ಹೊತ್ತಿಗೆ ಡಬ್ಬ ಅಕ್ಕನ ಪಕ್ಕದಲ್ಲೇ ಇರುತ್ತದೆ. ಈ ಅಂಕಿಗಳನ್ನು ಕಾಗದದ ಮೇಲೆ ನೀವೇ ಒಮ್ಮೆ ಬಿಡಿಸಿ ನೋಡಿ. ತಂತಿ ಎಳೆಯುವಾಗ ಎಲ್ಲಿ ತಪ್ಪಿದೆ ಅಂತ ಹುಡುಕಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

0.6, 0.15 ದೇವರು ಬರೆದ ಅಂಕಿಗಳಲ್ಲ. ಎರಡಕ್ಕೂ ಪರದೆಯ ಮೇಲೆ ಸ್ಲೈಡರ್ ಇಡಿ. ಮೊದಲನೆಯದನ್ನು 1ಕ್ಕೆ ಏರಿಸಿದರೆ ನಾನು ಹೇಳಿದ ಎಡವಾಟ. 0.2ಕ್ಕೆ ಇಳಿಸಿದರೆ ನಿದ್ದೆಗಣ್ಣಿನ ಪಕ್ಕವಾದ್ಯ.

ಇನ್ನೆರಡು ಬೇಲಿ. ಅಕ್ಷರದ ಅಳತೆ ಶುರುವಿನ ಅಳತೆಯ 0.8ರಿಂದ 1.25ರ ಒಳಗೇ ಇರಲಿ. ಮತ್ತೆ, ಒತ್ತು ಬಾರದೇ ಹೋದರೆ ಗಡಿಯಾರ ನಿಲ್ಲಬಾರದು, ಕೊನೆಯ ವೇಗದಲ್ಲೇ ಮುಂದುವರಿಯಬೇಕು. ಹಾಡು ಚೆನ್ನಾಗಿದ್ದಾಗ ಪೆಡಲ್ ಮರೆತೇ ಹೋಗುತ್ತದೆ, ಸುಮ್ನೆ ಹೇಳುತ್ತಿಲ್ಲ.

ತಡ ಕಳೆದ ಮೇಲೂ ಡಬ್ಬ ಸ್ವಲ್ಪ ಅವಸರದಲ್ಲಿರುವಂತೆ ಕೇಳಿದರೆ ಆಶ್ಚರ್ಯ ಬೇಡ. ಮೆಟ್ರೊನೋಮಿಗೆ ಸರಿಯಾಗಿ ತಟ್ಟುತ್ತಿದ್ದೇವೆ ಅಂದುಕೊಂಡಾಗಲೂ ಮನುಷ್ಯರ ಕೈ ಕಾಲು ಸದ್ದಿಗಿಂತ ಕೆಲವು ಹತ್ತು ಮಿಲಿಸೆಕೆಂಡ್ ಮುಂದಿರುತ್ತದೆ. ಹಾಗಾಗಿ ಆ 18ರ ಜಾಗದಲ್ಲೂ ಒಂದು ಸ್ಲೈಡರ್ ಇಟ್ಟು, ಕೊನೆಯ ತೀರ್ಮಾನವನ್ನು ಮೃದಂಗದವರ ಕಿವಿಗೆ ಬಿಡಿ. ನಮ್ಮ ಮೇಷ್ಟ್ರು ಕಣ್ಣು ಮುಚ್ಚಿಕೊಂಡು "ಇನ್ನೊಂಚೂರು... ಇನ್ನೊಂಚೂರು... ಹ್ಞಾ, ಸಾಕು" ಅಂದರು. ಸ್ಲೈಡರ್ ಕೆಳಗೆ ಬಂದು 5ರಲ್ಲಿ ನಿಂತಿತ್ತು.

6. ಎಲ್ಲ ಅಕ್ಷರಕ್ಕೂ ಒತ್ತಬೇಡಿ

ಅರ್ಧ ಗಂಟೆ ಪ್ರತಿ ಅಕ್ಷರಕ್ಕೂ ಒತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಅದೃಷ್ಟಕ್ಕೆ ನಮ್ಮ ತಾಳದಲ್ಲೇ ಇದಕ್ಕೆ ಉತ್ತರ ಇದೆ. ಆದಿ ತಾಳದಲ್ಲಿ ಒಂದು ಲಘು (4 ಅಕ್ಷರ), ಎರಡು ದ್ರುತ (ತಲಾ 2 ಅಕ್ಷರ). ಘಾತ, ಅಂದರೆ ಕೈಯ ಪೆಟ್ಟು, ಬೀಳುವುದು 1, 5, 7ನೇ ಅಕ್ಷರಕ್ಕೆ ಮಾತ್ರ. ಮಿಕ್ಕವು ಬೆರಳೆಣಿಕೆ ಮತ್ತು ಹುಸಿ (ಕೈ ಮಗುಚುವುದು). ಪೆಡಲನ್ನೂ ಅಲ್ಲಿಗೆ ಮಾತ್ರ ಒತ್ತಿ.

ಇದರಲ್ಲಿ ಇನ್ನೊಂದು ಲಾಭ ಸಿಕ್ಕಿತು, ನಾನು ಎಣಿಸಿರಲಿಲ್ಲ. ಒತ್ತುಗಳ ನಡುವಿನ ಅಂತರ ನಾಲ್ಕು ಅಕ್ಷರ, ಎರಡು, ಎರಡು, ಮತ್ತೆ ನಾಲ್ಕು. ಉದ್ದದ ಅಂತರ ಮುಗಿದ ಮೇಲೆ ಬರುವ ಒತ್ತು ಯಾವಾಗಲೂ 5ನೆಯದೇ. ಅಂದರೆ ಡಬ್ಬ ದಾರಿ ತಪ್ಪಿದರೂ, ಸುಮಾರು ನಾಲ್ಕು ಅಕ್ಷರದಷ್ಟು ಅಂತರ ಕಂಡ ಕೂಡಲೇ ಎಣಿಕೆಯನ್ನು 5ಕ್ಕೆ ತಂದುಕೊಳ್ಳಬಹುದು. ಸಮ ಎಲ್ಲಿ ಅಂತ ಯಾರೂ ಹೇಳಬೇಕಿಲ್ಲ. ಪ್ರತಿ ಬೀಟೂ ಒಂದೇ ತರಹ ತಟ್ಟುವ ಪದ್ಧತಿಯಲ್ಲಿ ಈ ಸುಖ ಇಲ್ಲ.

ಲೆಕ್ಕದಲ್ಲಿ ಒಂದು ಬದಲಾವಣೆ ಬೇಕು. ನಾಲ್ಕು ಅಕ್ಷರ ಬಿಟ್ಟು ಬಂದ ಒತ್ತು 60 ತಡವಾಗಿದ್ದರೆ ಅದು ನಾಲ್ಕು ಅಕ್ಷರದಲ್ಲಿ ಕೂಡಿಬಂದ ತಡ. ವೇಗ ತಿದ್ದುವಾಗ 4ರಿಂದ ಭಾಗಿಸಿ, ಅಕ್ಷರಕ್ಕೆ 15. ಭಾಗಿಸಿದ ಮೇಲೆ 0.15 ತೀರಾ ಕಡಿಮೆಯಾಗುತ್ತದೆ, 0.3 ಇಡಿ. ಜಾಗದ ತಿದ್ದುಪಡಿಯನ್ನು ಒಂದೇ ಅಕ್ಷರಕ್ಕೆ ತುರುಕದೆ ಮುಂದಿನ ಎರಡಕ್ಕೆ ಹಂಚಿ.

ಮಿಶ್ರ ಛಾಪು ಆದರೆ ಏಳು ಮಾತ್ರೆಯಲ್ಲಿ ಮೂರು, ನಾಲ್ಕು. ಅಲ್ಲೂ ಎರಡು ಅಂತರ ಬೇರೆ ಬೇರೆ, ಆದರೆ ವ್ಯತ್ಯಾಸ ಕಡಿಮೆ. ಹಾಗಾಗಿ ಅದನ್ನು ನಂಬಿ ಸಮ ಹುಡುಕಲು ಹೋಗಬೇಡಿ.

7. ಸಾಲು ಮತ್ತೆ ಬಂದರೆ

ಪೆಂಡಾಲಿನ ಅಜ್ಜಿ ತಲೆದೂಗಿದ್ದಕ್ಕೆ ಉತ್ತರ ಈ ಹಂತ.

ಯಾವ ಭಾಗವೂ ತಾನಾಗಿ ಮುಂದಕ್ಕೆ ಹೋಗಬಾರದು. ಪಲ್ಲವಿಯ ಪಟ್ಟಿ ಸುತ್ತುತ್ತಲೇ ಇರಲಿ. ಅನುಪಲ್ಲವಿಗೆ ಹೋಗಬೇಕಾದಾಗ ಕೀಬೋರ್ಡಿನ ಒಂದು ಮನೆ ಒತ್ತಿ. ಒತ್ತಿದ ಕೂಡಲೇ ಏನೂ ಆಗಬಾರದು, ಬಾವುಟ ಮಾತ್ರ ಏರಬೇಕು. ಮುಂದಿನ ಸಮ ಬಂದಾಗ ಬಾವುಟ ಏರಿದೆಯೇ ಅಂತ ನೋಡಿ, ಏರಿದ್ದರೆ ಪಟ್ಟಿ ಬದಲಿಸಿ, ಬಾವುಟ ಇಳಿಸಿ. ಪ್ಯೂರ್ ಡೇಟಾದಲ್ಲಿ ಸ್ಪಿಗಾಟ್ ಎಂಬ ಪೆಟ್ಟಿಗೆ ಇದೆ, ನಲ್ಲಿ ತಿರುಗಿಸಿದ ಹಾಗೆ. ಬಾವುಟದ ಕೆಲಸಕ್ಕೆ ಅದೇ ಸಾಕು.

80ರ ವೇಗದಲ್ಲಿ ಒಂದು ಆವರ್ತನಕ್ಕೆ 6 ಸೆಕೆಂಡ್. ಅಷ್ಟರೊಳಗೆ ಯಾವಾಗ ಬೇಕಾದರೂ ಒತ್ತಬಹುದು, ಗಡಿಬಿಡಿ ಇಲ್ಲ. ಅಕ್ಕ ಮನಸ್ಸು ಬದಲಿಸಿ ಇನ್ನೊಂದು ಸಂಗತಿ ಹಾಕಿದರೆ? ಅದಕ್ಕೆ ಇನ್ನೊಂದು ಮನೆ, ಬಾವುಟ ಇಳಿಸಲು. ಇದನ್ನು ಸೇರಿಸಿದ್ದು ಅಕ್ಕನೇ ಕೇಳಿದ ಮೇಲೆ. "ನಾನು ಉಸಿರು ತಗೊಂಡ ತಕ್ಷಣ ಮುಂದಕ್ಕೆ ಹೋಗ್ಬೇಡ ಕಣೋ, ಬಾಯಿ ಬಿಡೋವರೆಗೂ ನನಗೇ ಗೊತ್ತಿರಲ್ಲ" ಅಂದಿದ್ದರು.

ಮೂರನೇ ಮನೆ ನಿಲ್ಲಿಸಲು, ಅದೂ ಸಮಕ್ಕೆ ಕಾದು. ನಾಲ್ಕನೆಯದು ಆಪತ್ತಿನದು. ಒತ್ತಿದರೆ ತಾಳದ ಸದ್ದೆಲ್ಲ ಎರಡು ಸೆಕೆಂಡಿನಲ್ಲಿ ಮೆಲ್ಲಗೆ ಕರಗಿಹೋಗಬೇಕು, ತಂಬೂರಿ ಉಳಿಯಬೇಕು. ಮೃದಂಗ, ಹಾಡು, ಶ್ರುತಿ ಇದ್ದರೆ ಸಭೆಗೆ ಏನೂ ತಪ್ಪಾಗಿಲ್ಲ ಅನ್ನಿಸುತ್ತದೆ.

8. ಮೈಕಿನಿಂದ ಕೇಳಿಸಬಾರದೇ?

ಎಲ್ಲರೂ ಕೇಳುವ ಪ್ರಶ್ನೆ. ಪೆಡಲ್ ಯಾಕೆ, ಕಂಪ್ಯೂಟರ್ ನೇರವಾಗಿ ಹಾಡು ಕೇಳಿ ಅರ್ಥ ಮಾಡಿಕೊಳ್ಳಲಿ ಅಂತ.

ಪಾಶ್ಚಾತ್ಯ ಸಂಗೀತದಲ್ಲಿ ಇದು ಸಾಕಷ್ಟು ಸಾಧ್ಯವಾಗಿದೆ. ಇರ್ಕಾಮ್‌ನಲ್ಲಿ ಅರ್ಷಿಯಾ ಕಾಂಟ್ ಮಾಡಿದ ಆಂಟೆಸ್ಕೋಫೊ ಎಂಬ ಪ್ರೋಗ್ರಾಮ್ ನುಡಿಸುವವರು ಸ್ವರಲಿಪಿಯಲ್ಲಿ ಎಲ್ಲಿದ್ದಾರೆ, ಯಾವ ವೇಗದಲ್ಲಿದ್ದಾರೆ ಎರಡನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ. ಆದರೆ ಅಲ್ಲಿ ಬರೆದದ್ದನ್ನೇ ನುಡಿಸುತ್ತಾರೆ. ನಮ್ಮಲ್ಲಿ ಪುಸ್ತಕದಲ್ಲಿ ಒಂದು ಗಾಂಧಾರ ಅಂತ ಬರೆದಿರುತ್ತದೆ, ಗಂಟಲಿನಲ್ಲಿ ಅದು ಮಧ್ಯಮಕ್ಕೂ ರಿಷಭಕ್ಕೂ ನಡುವೆ ತೂಗಾಡುತ್ತದೆ. ಸ್ವರ ಹಿಡಿಯುವ ಸಿಗ್ಮಂಡ್ ಪೆಟ್ಟಿಗೆಗೆ ತೋಡಿ ಕೇಳಿಸಿ ನೋಡಿ, ಪಾಪ, ಅಂಕಿಗಳು ಜೋಕಾಲಿ ಆಡುತ್ತವೆ. ಅದರ ಮೇಲೆ ಸಂಗತಿ ಎಷ್ಟು ಸಲ ಅಂತ ಬರೆದಿರುವುದಿಲ್ಲ.

ಮೃದಂಗದ ಪೆಟ್ಟು ಹಿಡಿಯಲು ಬಾಂಕ್ ಎಂಬ ಪೆಟ್ಟಿಗೆ ಇದೆ, ಚೆನ್ನಾಗಿಯೇ ಹಿಡಿಯುತ್ತದೆ. ಮರಕ್ಕೆ ಅಂಟಿಸುವ ಸಣ್ಣ ಪೀಜೊ ಮೈಕ್ ಇದ್ದರೆ ಇನ್ನೂ ಚೆನ್ನ. ಕಷ್ಟ ಏನೆಂದರೆ ಮೃದಂಗ ನುಡಿಸುವುದು ತಾಳವನ್ನಲ್ಲ. ಕೈ ತಿಶ್ರ ನಡೆಗೆ (ಅಕ್ಷರಕ್ಕೆ 3 ಭಾಗ) ಹೊರಳಿದ ಕೂಡಲೇ ಬಡಪಾಯಿ ಕಂಪ್ಯೂಟರ್ ವೇಗವೇ ಬದಲಾಯಿತು ಅಂದುಕೊಂಡು ಓಡುತ್ತದೆ.

ಆದರೂ ಮೈಕ್ ಬೇಕೇ ಬೇಕು ಅನ್ನುವವರಿಗೆ ನಡುದಾರಿ ಒಂದಿದೆ. ಪೆಡಲ್ ಗಡಿಯಾರ ಹಾಗೇ ಇರಲಿ. ಗಡಿಯಾರ ನಿರೀಕ್ಷಿಸುವ ಅಕ್ಷರದ ಹಿಂದೆ ಮುಂದೆ 60 ಮಿಲಿಸೆಕೆಂಡಿನೊಳಗೆ ಮೃದಂಗದ ಪೆಟ್ಟು ಬಿದ್ದರೆ ಮಾತ್ರ ಅದನ್ನು ಒಂದು ಸಣ್ಣ ಒತ್ತು ಅಂತ ತೆಗೆದುಕೊಳ್ಳಿ. ಜಾಗಕ್ಕೆ 0.1 ಭಾಗ, ವೇಗಕ್ಕೆ ಏನೂ ಇಲ್ಲ. ಮಿಕ್ಕ ಪೆಟ್ಟುಗಳನ್ನೆಲ್ಲ ಕೇಳಿ ಆನಂದಿಸಲಿ, ಲೆಕ್ಕಕ್ಕೆ ಬೇಡ.

9. ವೇದಿಕೆಗೆ ಹೋಗುವ ಮೊದಲು

ಮನೆಯಲ್ಲಿ ಬೇಕಂತಲೇ ಕೆಟ್ಟದಾಗಿ ಒತ್ತಿ. ಐದು ಆವರ್ತನ ಒತ್ತದೇ ಬಿಡಿ. 80ರಿಂದ 92ಕ್ಕೆ ಏರಿಸಿ. ನಡುವೆ ಪೆಡಲಿನ ತಂತಿ ಕೀಳಿ. ಇದನ್ನೆಲ್ಲ ತಾಳಿಕೊಂಡ ಮೇಲೆ ಮೃದಂಗದವರನ್ನು ಕರೆಯಿರಿ. ಅವರಿಗೆ ಒಂದೇ ಒಂದು ಕೆಲಸ ಹೇಳಿ, ಡಬ್ಬವನ್ನು ಕಾಯಬೇಡಿ ಅಂತ. ಇಬ್ಬರೂ ಒಬ್ಬರಿಗೊಬ್ಬರು ಕಾಯಲು ಶುರು ಮಾಡಿದರೆ ಹಾಡು ನಿಧಾನವಾಗುತ್ತಲೇ ಹೋಗುತ್ತದೆ.

ವೈಫೈ, ಬ್ಲೂಟೂತ್, ಅಪ್‌ಡೇಟ್, ಪರದೆ ಮಲಗುವುದು ಎಲ್ಲ ಆಫ್. ಚಾರ್ಜರ್ ಸಿಕ್ಕಿಸಿದಾಗ ಸ್ಪೀಕರಿನಲ್ಲಿ ಗುಂಯ್ ಅಂದರೆ ಮೈಕ್ ಸೆಟ್ಟಿನವರ ಹತ್ತಿರ ಡಿಐ ಬಾಕ್ಸ್ (ಆ ಗುಂಯ್ ತಡೆಯುವ ಪುಟ್ಟ ಪೆಟ್ಟಿಗೆ) ಕೇಳಿ. ಮೊಬೈಲಿನಲ್ಲಿ ಒಂದು ತಂಬೂರಿ ಆಪ್ ಅದೇ ಶ್ರುತಿಗೆ ಹೊಂದಿಸಿ ಜೇಬಿನಲ್ಲಿಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಸ್ಪೀಕರನ್ನು ಮೃದಂಗದವರಿಗೆ ಹತ್ತಿರ ಇಡಿಸಿ, ಸಭೆಯ ಕಡೆಗಿನ ದೊಡ್ಡ ಸ್ಪೀಕರ್ ಅವರಿಗೆ ತಡವಾಗಿ ಕೇಳುತ್ತದೆ.

ಇನ್ನೊಂದು. ಪೆಂಡಾಲಿನ ಜಮಖಾನೆಯ ಮೇಲೆ ಪೆಡಲ್ ಜಾರುತ್ತದೆ. ಎರಡನೇ ಹಾಡಿನ ಹೊತ್ತಿಗೆ ನನ್ನದು ಮೇಷ್ಟ್ರ ಮೊಣಕಾಲಿನ ಹತ್ತಿರ ಹೋಗಿತ್ತು, ಅವರು ಮೃದಂಗ ಬಿಡದೆ ಪಾದದಲ್ಲೇ ಅದನ್ನು ನನ್ನ ಕಡೆಗೆ ತಳ್ಳಿದರು. ಅಗಲದ ಟೇಪ್ ತೆಗೆದುಕೊಂಡು ಹೋಗಿ, ಪೆಡಲನ್ನು ಒಂದು ಮಣೆಗೆ ಅಂಟಿಸಿ, ಮಣೆಯ ಮೇಲೆ ನಿಮ್ಮ ಇನ್ನೊಂದು ಕಾಲಿಡಿ.